ಮೂರನೆಯ ಅಂಗ: ಸಮುದಾಯ ವಿಸ್ತರಣಾ ಶಿಕ್ಷಣದ ಪಾತ್ರ ಮತ್ತು ಮುಂದಿನ ದಾರಿ

ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದವರ ಬಳಿಗೆ, ಅವರು ಇರುವಲ್ಲಿಗೇ ಹೋಗಿ, ಅವರ ದುಡಿಮೆಗೂ ಬದುಕಿಗೂ ಬೇಕಾದ ತಿಳಿವಳಿಕೆಯನ್ನು ಮುಟ್ಟಿಸುವ ಏರ್ಪಾಡಿಗೆ ವಿಸ್ತರಣಾ ಶಿಕ್ಷಣ ಎಂದು ಹೆಸರು. ಇದಕ್ಕೆ ಪ್ರವೇಶ ಪರೀಕ್ಷೆ ಇಲ್ಲ, ಪದವಿ ಇಲ್ಲ. ಕಲಿಯಲು ಬರುವವರು ಬೆಳೆದವರು. ಸಂಸಾರ ನಡೆಸುತ್ತಿರುವವರು, ಅರ್ಧ ದಿನದ ಕೂಲಿ ಬಿಟ್ಟು ಬಂದು ಕೂತವರು. ಹೇಳಿದ್ದು ಉಪಯೋಗಕ್ಕೆ ಬರಲಿಲ್ಲವೆಂದರೆ ಅವರು ಮರುದಿನ ಬರುವುದಿಲ್ಲ. ಕಲಿಸುವವರಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಇಲ್ಲ.

ಕನ್ನಡಕ್ಕೆ ಈ ಕಲ್ಪನೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. 1930ರ ದಶಕದಲ್ಲಿ ಅದರ ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಕೊಡತೊಡಗಿದರು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾದವು. ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ವಿಶ್ವವಿದ್ಯಾನಿಲಯದ ಕೆಲಸವನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರಾಗಿ ಕಂಡರು. ಬೋಧನೆ ಮತ್ತು ಸಂಶೋಧನೆಯಷ್ಟೇ ಮಹತ್ವದ ಮೂರನೆಯ ಹೊಣೆ ವಿಸ್ತರಣೆ ಎಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ತನ್ನ ನೀತಿಯಲ್ಲಿ ಒಪ್ಪಿಕೊಂಡದ್ದು 1977ರಲ್ಲಿ, ಅಂದರೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆ ಅರಿವು ಬಂದು ಸುಮಾರು ಎರಡು ದಶಕಗಳಾದ ಮೇಲೆ. ‘ಅಂಗ’ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಅಂಗವೆಂದರೆ ಶಾಖೆಯಲ್ಲ, ಬಿಡುವಿದ್ದಾಗ ಮಾಡುವ ಉಪಕಾರವೂ ಅಲ್ಲ. ಅದು ಊನವಾದರೆ ಇಡೀ ದೇಹವೇ ಊನ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು ಮೊದಲಾದ ಸಂಸ್ಥೆಗಳಲ್ಲಿ ನಡೆಯುವ ದತ್ತಿ ಉಪನ್ಯಾಸಗಳೂ ಇದೇ ಮನೆತನಕ್ಕೆ ಸೇರಿದವು. ಯಾರೋ ಒಬ್ಬರು ಇಟ್ಟ ಮೂಲಧನದ ಬಡ್ಡಿಯಿಂದ ವಿದ್ಯೆ ಪಾಠದ ಕೋಣೆಯ ಹೊಸಿಲು ದಾಟಿ ಸಾರ್ವಜನಿಕರ ಮುಂದೆ ಬಂದು ನಿಲ್ಲುತ್ತದೆ.

ವಿಶ್ವವಿದ್ಯಾನಿಲಯ ವಿಸ್ತರಣೆಯ ಹುಟ್ಟು ಇಂಗ್ಲೆಂಡಿನದು. ಕೇಂಬ್ರಿಜಿನ ಯುವ ಅಧ್ಯಾಪಕ ಜೇಮ್ಸ್ ಸ್ಟೂವರ್ಟ್ 1867ರಲ್ಲಿ ಉತ್ತರ ಇಂಗ್ಲೆಂಡಿನ ಕೆಲವು ನಗರಗಳಲ್ಲಿ ಹೆಂಗಸರಿಗಾಗಿ ಖಗೋಳಶಾಸ್ತ್ರದ ಉಪನ್ಯಾಸ ಮಾಲೆಯೊಂದನ್ನು ನಡೆಸಿದ. ಆಗ ವಿಶ್ವವಿದ್ಯಾನಿಲಯದ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ಯುವಕನೊಬ್ಬ ಹೆಂಗಸರಿಗೆ ಎದುರೆದುರೇ ಪ್ರಶ್ನೆ ಕೇಳುವುದು ಸಭ್ಯತೆಯಲ್ಲ ಎಂಬ ಕಾಲ ಅದು. ಆದ್ದರಿಂದ ಅವನು ಪ್ರಶ್ನೆಗಳನ್ನು ಅಚ್ಚುಮಾಡಿಸಿ ಹಂಚಿದ, ಉತ್ತರಗಳನ್ನು ಬರೆಸಿ ತರಿಸಿಕೊಂಡು ತಿದ್ದಿ ಹಿಂದಿರುಗಿಸಿದ. ಆಮೇಲೆ ರಾಚ್‌ಡೇಲ್ ಎಂಬ ಊರಿನ ಸಹಕಾರ ಸಂಘದ ಕೆಲಸಗಾರರಿಗೆ ಉಪನ್ಯಾಸ ಕೊಡಲು ಹೋದ. ಒಂದು ದಿನ ಉಪನ್ಯಾಸ ಮುಗಿದ ಮೇಲೆ ತನ್ನ ಚಿತ್ರಪಟಗಳನ್ನು ಗೋಡೆಯಿಂದ ಇಳಿಸದೆ ಮುಂದಿನ ವಾರದವರೆಗೆ ಅಲ್ಲಿಯೇ ಬಿಟ್ಟ. ಮತ್ತೆ ಬಂದಾಗ ಕೆಲಸಗಾರರು ಆ ಚಿತ್ರಗಳ ಮುಂದೆ ನಿಂತು ತಮ್ಮತಮ್ಮಲ್ಲೇ ಚರ್ಚಿಸಿ, ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡಿದ್ದರು. ಅಂದಿನಿಂದ ಉಪನ್ಯಾಸದ ಜೊತೆಗೆ ಪ್ರಶ್ನೋತ್ತರದ ತರಗತಿಯೂ ಸೇರಿಕೊಂಡಿತು. 1873ರಲ್ಲಿ ಕೇಂಬ್ರಿಜ್ ಈ ಕೆಲಸವನ್ನು ತನ್ನದಾಗಿ ಅಂಗೀಕರಿಸಿತು.

ಈ ಸಣ್ಣ ಘಟನೆಯಲ್ಲಿ ವಿಸ್ತರಣಾ ಶಿಕ್ಷಣದ ಗುಟ್ಟೆಲ್ಲ ಅಡಗಿದೆ. ಮೊದಲ ದಿನದ ಮಾತು ಬರಿಯ ಮಾತು. ಕೇಳಿದವರು ಅದನ್ನು ತಮ್ಮೊಳಗೆ ತಿರುವಿಹಾಕಿ ಪ್ರಶ್ನೆಯಾಗಿ ಮಾಡಿಕೊಂಡಾಗ, ಹೇಳಿದವನು ಆ ಪ್ರಶ್ನೆಗೆ ಉತ್ತರಿಸಲು ಮತ್ತೆ ಬಂದಾಗ ಅದು ಶಿಕ್ಷಣವಾಗುತ್ತದೆ. ಮುಂದೆ ನಾನಾ ದೇಶಗಳಲ್ಲಿ ನಡೆದ ವಿಸ್ತರಣಾ ಕಾರ್ಯಕ್ರಮಗಳ ಗೆಲವು ಸೋಲುಗಳನ್ನು ಈ ಒಂದು ಮಾನದಂಡದಿಂದಲೇ ಅಳೆಯಬಹುದು.

ಅಮೆರಿಕದಲ್ಲಿ ಈ ಪದ್ಧತಿ ಹೊಲಕ್ಕೆ ಇಳಿಯಿತು. 1862ರ ಮಾರಿಲ್ ಕಾಯಿದೆ ರಾಜ್ಯಗಳಿಗೆ ಭೂಮಿ ಕೊಟ್ಟು ಕೃಷಿ ಕಾಲೇಜುಗಳನ್ನು ಹುಟ್ಟಿಸಿತು, 1887ರ ಹ್ಯಾಚ್ ಕಾಯಿದೆ ಸಂಶೋಧನಾ ಕೇಂದ್ರಗಳನ್ನು ತಂದಿತು. ಆದರೂ ಕಾಲೇಜಿನ ತಿಳಿವು ರೈತನ ಹೊಲಕ್ಕೆ ಇಳಿಯಲಿಲ್ಲ. 1903ರಲ್ಲಿ ಟೆಕ್ಸಸ್ ರಾಜ್ಯದ ಟೆರೆಲ್ ಎಂಬಲ್ಲಿ ಸೀಮನ್ ನ್ಯಾಪ್ ಎಂಬಾತ ಸರ್ಕಾರಿ ತೋಟವನ್ನು ಬಿಟ್ಟು ಒಬ್ಬ ರೈತನ ಹೊಲವನ್ನೇ ಪ್ರಾತ್ಯಕ್ಷಿಕೆಗೆ ಆರಿಸಿಕೊಂಡ. ಬೇಸಾಯ ರೈತನದೇ, ಎತ್ತು ಆಳು ಅವನವೇ. ನಷ್ಟವಾದರೆ ತುಂಬಿಕೊಡಲು ಊರಿನವರು ಹಣ ಕೂಡಿಸಿಟ್ಟಿದ್ದರು. ವರ್ಷದ ಕೊನೆಗೆ ಲಾಭ ಬಂತು. ಸರ್ಕಾರದ ತೋಟದಲ್ಲಿ ಬೆಳೆದದ್ದನ್ನು ‘ಅವರಿಗೇನು, ಸರ್ಕಾರದ ದುಡ್ಡು’ ಎಂದು ತಳ್ಳಿಹಾಕುವ ರೈತನೂ ಪಕ್ಕದ ಹೊಲದ ಬೆಳೆಯನ್ನು ಅಲ್ಲಗಳೆಯಲಾರ. 1914ರ ಸ್ಮಿತ್-ಲೀವರ್ ಕಾಯಿದೆ ಈ ಕ್ರಮಕ್ಕೆ ದೇಶವ್ಯಾಪಿ ನೆಲೆ ಕೊಟ್ಟಿತು.

ಮೈಸೂರು ಸಂಸ್ಥಾನದಲ್ಲೂ ಇದೇ ಕಾಲದಲ್ಲಿ ಇದಕ್ಕೆ ಸಾಟಿಯಾದ ಕೆಲಸವೊಂದು ನಡೆಯಿತು. ಅದನ್ನು ಇನ್ನೂ ವಿವರವಾಗಿ ನೆನೆಯಬೇಕು. ಮಲೆನಾಡಿನ ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಎಳೆಯ ಕಾಯಿ ಕೊಳೆತು ಉದುರುತ್ತದೆ, ವರ್ಷದ ಆದಾಯ ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುತ್ತದೆ. ತೋಟಿಗರಿಗೆ ತಿಳಿದಿದ್ದ ರಕ್ಷಣೆ ಒಂದೇ: ಮಳೆ ಹಿಡಿಯುವ ಮೊದಲು ಪ್ರತಿ ಕೊನೆಗೂ (ಅಡಿಕೆಯ ಗೊಂಚಲಿಗೂ) ಕೊಟ್ಟೆ ಎಂಬ ಹೊದಿಕೆ ಕಟ್ಟುವುದು. ಮಳೆನೀರು ಕೊನೆಗೆ ತಾಗದಿದ್ದರೆ ರೋಗ ಕಡಿಮೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಬೋರ್ಡೋ ದ್ರಾವಣ ಸಿಂಪಡಿಸಿದರೆ ಅದನ್ನು ತಡೆಯಬಹುದೆಂದು ತೋರಿಸಿದರು. ಅವರ ವಿವರವಾದ ವರದಿ 1910ರಲ್ಲಿ ಪ್ರಕಟವಾಯಿತು. ಮೈಲುತುತ್ತ ಮತ್ತು ಸುಣ್ಣದ ಈ ಮದ್ದು ಇಂದಿಗೂ ಮಲೆನಾಡು ಕರಾವಳಿಗಳ ತೋಟಗಳಲ್ಲಿ ಮಳೆಗಾಲದ ಮೊದಲ ಕೆಲಸ.

ವರದಿ ಅಚ್ಚಾದ ಮಾತ್ರಕ್ಕೆ ಮದ್ದು ಮರದ ತುದಿಗೆ ಏರಲಿಲ್ಲ. ಬೋರ್ಡೋ ಮಾಡುವುದು ಬಾಯಿಮಾತಿನಲ್ಲಿ ಸುಲಭ: ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೈಯಲ್ಲಿ ಮಾಡುವಾಗಲೇ ಅದರ ಕಷ್ಟ ತಿಳಿಯುವುದು. ಎರಡನ್ನೂ ಬೇರೆಬೇರೆ ಕರಗಿಸಿಕೊಳ್ಳಬೇಕು. ಕಬ್ಬಿಣದ ಪಾತ್ರೆ ಆಗದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಕ್ಕೆ ಹೊಯ್ಯಬಾರದು. ಹದವಾಯಿತೇ ಎಂದು ನೋಡಲು ಹೊಳಪಿನ ಚಾಕುವೊಂದನ್ನು ಅದ್ದಬೇಕು. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಸಿಂಪಡಿಸಿ ಮುಗಿಸಬೇಕು. ಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಸೇರಿಸುವ ವಾಡಿಕೆಯೂ ಉಂಟು. ಇವನ್ನೆಲ್ಲ ಓದಿ ಕಲಿತವರಿಗಿಂತ ನೋಡಿ ಕಲಿತವರು ಹೆಚ್ಚು. ತೋಟದ ಯಜಮಾನನ ಜೊತೆಗೆ ಮರ ಹತ್ತುವ ಕೊನೆಗೌಡನೂ ಕಲಿತ. ಅವನಿಂದ ಅವನ ಮಗ ಕಲಿತ. ಒಂದು ಪ್ರಯೋಗಶಾಲೆಯ ಜ್ಞಾನ ಹೀಗೆ ಕಸುಬಿನ ಜ್ಞಾನವಾಗಿ, ಮನೆಯಿಂದ ಮನೆಗೆ ತಾನಾಗಿ ಹರಿಯುವಂತಾದರೆ ವಿಸ್ತರಣೆ ಪೂರ್ಣವಾಯಿತು ಎನ್ನಬಹುದು. ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಕೊನೆಯನ್ನು ಮಳೆಯಿಂದ ಕಾಪಾಡಬೇಕು ಎಂಬ ತೋಟಿಗರ ತಿಳಿವು ತಪ್ಪಾಗಿರಲಿಲ್ಲ. ಹೊಸ ವಿಜ್ಞಾನ ಆ ತಿಳಿವಿನ ಮುಂದಿನ ಮೆಟ್ಟಿಲಾಗಿಯೇ ಬಂತು.

ಭಾರತದ ಬೇರೆ ಕಡೆಗಳಲ್ಲೂ ಸ್ವಾತಂತ್ರ್ಯಕ್ಕೆ ಮೊದಲೇ ಹಲವು ಪ್ರಯತ್ನಗಳಾಗಿದ್ದವು. ರವೀಂದ್ರನಾಥ ಟ್ಯಾಗೋರರು ಲೆನರ್ಡ್ ಎಲ್ಮ್‌ಹರ್ಸ್ಟ್ ನೆರವಿನಿಂದ 1922ರಲ್ಲಿ ಆರಂಭಿಸಿದ ಶ್ರೀನಿಕೇತನ, ಸ್ಪೆನ್ಸರ್ ಹ್ಯಾಚ್ ಅವರ ಮಾರ್ತಾಂಡಂ ಕೇಂದ್ರ, ಗುರ್‌ಗಾಂವದಲ್ಲಿ ಬ್ರೇನ್ ನಡೆಸಿದ ಗ್ರಾಮೋದ್ಧಾರ ಮುಖ್ಯವಾದವು. ಮೈಸೂರು ಸಂಸ್ಥಾನದಲ್ಲಿ 1940ರ ದಶಕದ ಆರಂಭದಲ್ಲಿ ರೂಪುಗೊಂಡ ವಯಸ್ಕರ ಶಿಕ್ಷಣ ಸಮಿತಿ ರಾತ್ರಿಶಾಲೆಗಳನ್ನು ನಡೆಸಿತು. ಅಲ್ಲಿಗೇ ನಿಲ್ಲದೆ, ಹೊಸದಾಗಿ ಓದಲು ಕಲಿತವರ ಕೈಗೆ ಪತ್ರಿಕೆ ಪುಸ್ತಕಗಳನ್ನು ಕೊಟ್ಟಿತು, ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳ ಮಾದರಿಯಲ್ಲಿ ಹಳ್ಳಿಯ ತರುಣರಿಗಾಗಿ ವಿದ್ಯಾಪೀಠಗಳನ್ನು ತೆರೆಯಿತು. ಅಕ್ಷರ ಕಲಿಸಿದರೆ ಸಾಲದು, ಕಲಿತ ಅಕ್ಷರಕ್ಕೆ ನಿತ್ಯದ ಓದು ಬೇಕು ಎಂಬ ವಿವೇಕ ಅದಕ್ಕಿತ್ತು. ಬಹುಕಾಲದ ಮೇಲೆ ಬಂದ 1990ರ ದಶಕದ ಸಾಕ್ಷರತಾ ಆಂದೋಲನಗಳು ಜಾಥಾ, ಹಾಡು, ಬೀದಿನಾಟಕಗಳ ಮೂಲಕ ದಕ್ಷಿಣ ಕನ್ನಡ, ವಿಜಾಪುರದಂತಹ ಜಿಲ್ಲೆಗಳಲ್ಲಿ ದೊಡ್ಡ ಅಲೆಯನ್ನೇ ಎಬ್ಬಿಸಿದವು. ಅಲೆ ಇಳಿದ ಮೇಲೆ ಓದಲು ಏನೂ ಸಿಗದ ಕಡೆಗಳಲ್ಲಿ ಸಹಿ ಹಾಕಲು ಕಲಿತವರು ಸಹಿಯಲ್ಲೇ ಉಳಿದರು.

ಸ್ವಾತಂತ್ರ್ಯ ಬಂದ ಮೇಲೆ, 1952ರ ಅಕ್ಟೋಬರ್ 2ರಂದು ದೇಶದ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಬಂತು. ಬ್ಲಾಕು, ಬಿ.ಡಿ.ಓ., ಗ್ರಾಮಸೇವಕ, ಗ್ರಾಮಸೇವಿಕೆ ಎಂಬ ಮಾತುಗಳು ಕನ್ನಡದ ಹಳ್ಳಿಗಳಿಗೆ ಬಂದದ್ದು ಇದರ ಮೂಲಕ. ಸುಮಾರು ಹತ್ತು ಹಳ್ಳಿಗೆ ಒಬ್ಬ ಗ್ರಾಮಸೇವಕ. ಬಿತ್ತನೆ ಬೀಜ, ಗೊಬ್ಬರದ ಗುಂಡಿ, ಬಾವಿ, ರಸ್ತೆ, ಶಾಲೆಯ ಕಟ್ಟಡ, ದನದ ಚುಚ್ಚುಮದ್ದು, ಮಹಿಳಾ ಸಮಾಜ ಎಲ್ಲವೂ ಅವನ ತಲೆಯ ಮೇಲೆ. ಸಾಲದ್ದಕ್ಕೆ ಗುರಿ ಸಾಧನೆಯ ವರದಿ. ಸೈಕಲ್ಲಿನಲ್ಲಿ ಊರೂರು ಸುತ್ತಿದ ಆ ನೌಕರರು ಪಟ್ಟ ಪಾಡನ್ನು ಕಡಿಮೆ ಎಣಿಸಬಾರದು. ಆದರೆ 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಕಂಡದ್ದು ಸತ್ಯ: ಯೋಜನೆ ಜನರದಾಗಿರಲಿಲ್ಲ, ಸರ್ಕಾರದ್ದಾಗಿಯೇ ಉಳಿದಿತ್ತು. ಗ್ರಾಮಸೇವಕ ಜನರ ಪ್ರಶ್ನೆಗಳನ್ನು ಮೇಲಕ್ಕೆ ಒಯ್ಯುವವನಾಗದೆ, ಮೇಲಿನಿಂದ ಬಂದ ಸವಲತ್ತನ್ನು ಹಂಚುವವನಾದ. ಜನಕ್ಕೂ ಅವನಿಂದ ಬೇಕಾದದ್ದು ತಿಳಿವಲ್ಲ, ಸಹಾಯಧನದ ಚೀಟಿ. ಈ ರೋಗ ಇಂದಿಗೂ ವಾಸಿಯಾಗಿಲ್ಲ.

1970ರ ದಶಕದ ಕೊನೆಯಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ಹಲವು ರಾಜ್ಯಗಳಿಗೆ ಬಂದ ‘ತರಬೇತಿ ಮತ್ತು ಭೇಟಿ’ ಪದ್ಧತಿ ಇದನ್ನು ಸರಿಪಡಿಸಲು ಹೊರಟಿತು. ಡೇನಿಯಲ್ ಬೆನೋರ್ ರೂಪಿಸಿದ ಈ ಕ್ರಮದಲ್ಲಿ ವಿಸ್ತರಣಾ ಕಾರ್ಯಕರ್ತನಿಗೆ ಬೇರೆ ಕೆಲಸವಿಲ್ಲ. ಹದಿನೈದು ದಿನಕ್ಕೊಮ್ಮೆ ತಜ್ಞರಿಂದ ತರಬೇತಿ, ನಿಗದಿಯಾದ ದಿನ ನಿಗದಿಯಾದ ಊರಿಗೆ ಭೇಟಿ. ‘ಮತ್ತೆ ಬರುವುದು’ ಇಲ್ಲಿ ನಿಯಮವೇ ಆಯಿತು, ಅದು ಈ ಪದ್ಧತಿಯ ದೊಡ್ಡ ಗುಣ. ಕಾಲುವೆ ನೀರಿನ ಪ್ರದೇಶಗಳಲ್ಲಿ ಇದು ಚೆನ್ನಾಗಿ ನಡೆಯಿತು. ಮಳೆ ನೆಚ್ಚಿದ ಹೊಲಗಳಿಗೆ ಹದಿನೈದು ದಿನಕ್ಕೊಂದು ಹೊಸ ಮಾತು ಇರಲಿಲ್ಲ. ‘ಸಂಪರ್ಕ ರೈತ’ರಾಗಿ ಆಯ್ಕೆಯಾದವರು ಹೆಚ್ಚಾಗಿ ಅನುಕೂಲಸ್ಥರು. ಅವರಿಂದ ಅಂಚಿನ ಕೇರಿಗೆ ಮಾತು ಹರಿಯಲಿಲ್ಲ. ಭೇಟಿಯ ದಿನ ಗೊತ್ತಿತ್ತು, ಭೇಟಿಯಾಗಬೇಕಾದವರು ಯಾರೆಂಬುದು ಸರಿಯಾಗಿ ಗೊತ್ತಾಗಲಿಲ್ಲ.

ಕೃಷಿ ವಿಶ್ವವಿದ್ಯಾನಿಲಯಗಳ ಕೊಡುಗೆ ಬೇರೆ ಬಗೆಯದು. 1964ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ, 1986ರಲ್ಲಿ ಬೇರೆಯಾದ ಧಾರವಾಡದ್ದು, ಆಮೇಲೆ ರಾಯಚೂರು, ಬಾಗಲಕೋಟೆ, ಶಿವಮೊಗ್ಗದವು ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಚಾವಣಿಯ ಕೆಳಗೆ ತಂದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ತಂದ ಇಂಡಾಫ್ ತಳಿಗಳು ಹಳೆಯ ಮೈಸೂರಿನ ಹೊಲಗಳಲ್ಲಿ ಹರಡಿದ ಬಗೆ ನೆನಪಿಡುವಂಥದು. ರಾಗಿ ಮನೆಯ ಬೀಜದ ಬೆಳೆ. ಒಬ್ಬರ ಹೊಲದಲ್ಲಿ ತೆನೆ ದಪ್ಪವಾಗಿ ಕಂಡರೆ ಸುಗ್ಗಿಯಲ್ಲೇ ನೆಂಟರಿಷ್ಟರು ಸೇರು ಬೀಜ ಇಸಿದುಕೊಂಡು ಹೋಗುತ್ತಾರೆ. ಅಂಗಡಿಗಿಂತ ನೆಂಟಸ್ತಿಕೆ ದೊಡ್ಡ ವಿಸ್ತರಣಾ ಜಾಲವಾಗಿತ್ತು. 1974ರಲ್ಲಿ ಪುದುಚೇರಿಯಲ್ಲಿ ಮೊದಲು ತೆರೆದ ಕೃಷಿ ವಿಜ್ಞಾನ ಕೇಂದ್ರಗಳು ಇಂದು ದೇಶದಲ್ಲಿ 700ಕ್ಕೂ ಹೆಚ್ಚಿವೆ. ಕರ್ನಾಟಕ ಪ್ರತಿ ಹೋಬಳಿಗೆ ರೈತ ಸಂಪರ್ಕ ಕೇಂದ್ರವನ್ನು ಕೊಟ್ಟಿತು. 2009ರಲ್ಲಿ ಆರು ಜಿಲ್ಲೆಗಳಲ್ಲಿ ಮೊದಲಾದ ಭೂಚೇತನ ಕಾರ್ಯಕ್ರಮ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ನೆರವಿನಿಂದ ಊರೂರಿನ ಮಣ್ಣು ಪರೀಕ್ಷಿಸಿ, ಜಿಂಕ್, ಬೋರಾನ್, ಗಂಧಕದ ಕೊರತೆಯನ್ನು ಗುರುತಿಸಿ, ಅದರ ಫಲಿತಾಂಶವನ್ನು ಗೋಡೆಬರಹದಲ್ಲಿ ಊರಿಗೇ ಕಾಣಿಸಿತು. ಅದನ್ನು ಹೊಲದವರೆಗೆ ಒಯ್ದವರು ಊರಿನವರೇ ಆದ ‘ರೈತ ಅನುವುಗಾರರು’. ಅನುವುಗಾರ ಎಂಬುದು ಎಷ್ಟು ಚೆಂದದ ಮಾತು! ಅವನು ಆಜ್ಞೆ ಮಾಡುವವನಲ್ಲ, ಅನುವು ಮಾಡಿಕೊಡುವವನು.

ವಿಸ್ತರಣೆಯೆಂದರೆ ಗಂಡಸರ ಬೇಸಾಯ ಎಂಬ ಎಣಿಕೆ ಬಹುಕಾಲ ಉಳಿಯಿತು. ಬೀಜ ಆರಿಸಿ ಇಡುವವಳು, ಕಳೆ ಕೀಳುವವಳು, ಹೈನು ನೋಡುವವಳು ಹೆಂಗಸಾದರೂ ತರಬೇತಿಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಗೃಹವಿಜ್ಞಾನವೆಂದರೆ ಅಡುಗೆ ಹೊಲಿಗೆ ಎಂದೇ ತಿಳಿದಿದ್ದ ಕಾಲ ದಾಟಿ, ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಈಗ ಸಮುದಾಯ ವಿಜ್ಞಾನ ಮಹಾವಿದ್ಯಾಲಯವಾಗಿದೆ. ಹೆಸರಿನ ಜೊತೆ ನೋಟವೂ ಬದಲಾಗಿದೆ. 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಆರಂಭವಾದ ಮಹಿಳಾ ಸಮಾಖ್ಯೆ ಇನ್ನೂ ಆಳಕ್ಕೆ ಹೋಯಿತು. ಸುಮಾರು ಹತ್ತು ಹಳ್ಳಿಗಳನ್ನು ನೋಡಿಕೊಳ್ಳುವ ‘ಸಹಯೋಗಿನಿ’ ಪಾಠಪಟ್ಟಿಯನ್ನು ಹಿಡಿದು ಹೋಗಲಿಲ್ಲ. ದಲಿತ ಮತ್ತು ಬಡ ಹೆಂಗಸರು ಕೆಲಸ ಮುಗಿಸಿ ರಾತ್ರಿ ಸಂಘದಲ್ಲಿ ಕೂತು ಏನು ಮಾತಾಡಿದರೋ ಅದೇ ಪಾಠವಾಯಿತು: ಕೂಲಿ, ಕುಡಿಯುವ ನೀರು, ಸಾರಾಯಿ, ರೇಷನ್ನು, ಮಗಳ ಓದು. ಅಕ್ಷರ ಕಲಿಯಬೇಕೆಂಬ ಬಯಕೆ ಅವರೊಳಗಿಂದಲೇ ತಡವಾಗಿ ಬಂತು, ತಡವಾದರೂ ಗಟ್ಟಿಯಾಗಿ ಬಂತು. ರಾಚ್‌ಡೇಲಿನ ಕೆಲಸಗಾರರು ಚಿತ್ರಪಟದ ಮುಂದೆ ಮಾಡಿದ್ದನ್ನು ಈ ಹೆಂಗಸರು ಸಂಘದ ಮನೆಯಲ್ಲಿ ಮಾಡಿದರು. ಇಂತಹ ಕಾರ್ಯಕ್ರಮಕ್ಕೆ ಕೇಂದ್ರದ ಹಣ 2010ರ ದಶಕದ ಮಧ್ಯದಲ್ಲಿ ನಿಂತುಹೋದದ್ದು ದೊಡ್ಡ ನಷ್ಟ.

ಜನರ ಮಾತೇ ಪಾಠವಾಗಬೇಕು ಎಂಬುದನ್ನೇ ಮಾಧ್ಯಮಗಳ ಚರಿತ್ರೆಯೂ ಹೇಳುತ್ತದೆ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹ ದೂರದರ್ಶನದ ‘ಸೈಟ್’ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ಮುಟ್ಟಿಸಿತು. ಗುಲ್ಬರ್ಗ, ರಾಯಚೂರು, ವಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಜಗತ್ತು ಬೆರಗಾದ ತಾಂತ್ರಿಕ ಸಾಧನೆ ಅದು. ಆದರೆ ಪೆಟ್ಟಿಗೆಯಿಂದ ಹಳ್ಳಿಗೆ ಮಾತು ಬಂತು, ಹಳ್ಳಿಯಿಂದ ಪೆಟ್ಟಿಗೆಗೆ ಹೋಗುವ ದಾರಿ ಇರಲಿಲ್ಲ. ಕಾಲು ಶತಮಾನದ ಬಳಿಕ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಸ್ವಸಹಾಯ ಸಂಘಗಳ ಹೆಂಗಸರು ‘ನಮ್ಮ ಧ್ವನಿ’ ಎಂಬ ಕೇಂದ್ರದಲ್ಲಿ ತಾವೇ ಕಾರ್ಯಕ್ರಮ ತಯಾರಿಸಿದರು. ಪ್ರಸಾರದ ಪರವಾನಗಿ ಸಿಗದ ಆ ದಿನಗಳಲ್ಲಿ ಅದನ್ನು ಟಿ.ವಿ. ಕೇಬಲ್ ಮೂಲಕ ಮನೆಮನೆಗೆ ಕೇಳಿಸಿದರು. ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಶ್ರೀಪಡ್ರೆಯವರ ಮುಂದಾಳತನದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತಾನು ಮಾಡಿ ನೋಡಿದ್ದನ್ನು ತಾನೇ ಬರೆದ ರೈತನ ಮಾತಿಗೆ ಇನ್ನೊಬ್ಬ ರೈತ ಕಿವಿಗೊಡುತ್ತಾನೆ. ಸೋತದ್ದನ್ನೂ ಬರೆಯುವ ಧೈರ್ಯ ಅವನಿಗಿರುತ್ತದೆ. ಇಲಾಖೆಯ ಕರಪತ್ರದಲ್ಲಿ ಸೋಲಿಗೆ ಜಾಗವಿಲ್ಲ.

ಇಂದಿನ ಸ್ಥಿತಿ ಮಿಶ್ರವಾದದ್ದು. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್ ಕನ್ನಡದಲ್ಲೇ ಉತ್ತರಿಸುತ್ತದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ರೋಗ ಬಿದ್ದ ಎಲೆಯ ಚಿತ್ರ ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಹತ್ತು ಉತ್ತರ ಬರುತ್ತವೆ. ಹತ್ತರಲ್ಲಿ ಸರಿ ಯಾವುದು ಎಂದು ಹೇಳುವವರು ಬೇಕು. ಇನ್ನೊಂದು ಕಡೆ, ಹೊಲಕ್ಕೆ ಬಂದು ನೋಡುವ ಕ್ಷೇತ್ರ ಸಿಬ್ಬಂದಿ ವಿರಳ. ಇರುವವರ ದಿನ ಬಿತ್ತನೆ ಬೀಜ ವಿತರಣೆ, ಬೆಳೆ ಸಮೀಕ್ಷೆ, ಆ್ಯಪಿನಲ್ಲಿ ಅಂಕಿಅಂಶ ತುಂಬುವುದರಲ್ಲೇ ಕಳೆಯುತ್ತದೆ. ಆದ್ದರಿಂದ ಬಹಳ ರೈತರಿಗೆ ಕೈಗೆಟಕುವ ಸಲಹೆಗಾರ ಗೊಬ್ಬರ ಔಷಧಿಯ ಅಂಗಡಿಯವನೇ. ಆ ಅಂಗಡಿಕಾರರಿಗೆ ಒಂದು ವರ್ಷದ ಡಿಪ್ಲೊಮಾ ಕೊಡುವ ಯೋಜನೆ ಒಳ್ಳೆಯದೇ. ಆದರೂ ಮಾರುವವನೇ ಮದ್ದು ಬರೆದುಕೊಡುವುದು ಯಾವ ವೈದ್ಯಕ್ಕೂ ಒಳ್ಳೆಯದಲ್ಲ.

ಮುಂದೆ ಬರುವ ಪ್ರಶ್ನೆಗಳು ಬೆಳೆಯ ಇಳುವರಿಯಷ್ಟಕ್ಕೆ ನಿಲ್ಲುವಂಥವಲ್ಲ. ಮಳೆಯ ನಡೆ ಬದಲಾಗುತ್ತಿದೆ. ಊರುಗಳಲ್ಲಿ ಉಳಿದವರಲ್ಲಿ ವಯಸ್ಸಾದವರು ಹೆಚ್ಚು. ಅಡಿಕೆ ಮರ ಹತ್ತುವ ಕೊನೆಗೌಡರು ಕಡಿಮೆಯಾಗಿ, ನೆಲದ ಮೇಲೇ ನಿಂತು ಕೊಯ್ಲು ಸಿಂಪಡಣೆ ಮಾಡುವ ಫೈಬರ್ ದೋಟಿಯ ತರಬೇತಿ ಶಿಬಿರಗಳು ಮಲೆನಾಡು ಕರಾವಳಿಗಳಲ್ಲಿ ನಡೆಯುತ್ತಿವೆ. ನೂರು ವರ್ಷದ ಹಿಂದೆ ಕೊಟ್ಟೆ ಕಟ್ಟುತ್ತಿದ್ದ ಕೈಗೆ ಬೋರ್ಡೋ ಕಲಿಸಿದಂತೆಯೇ ಈಗಿನ ತರುಣರ ಕೈಗೆ ದೋಟಿ ಹಿಡಿಯುವುದನ್ನು ಕಲಿಸಬೇಕಾಗಿದೆ. ನಗರದ ಬಡಾವಣೆಗಳಲ್ಲಿ ಕಸ ವಿಂಗಡಣೆ, ಮಧುಮೇಹದ ಆರೈಕೆ, ಬ್ಯಾಂಕಿನ ಒ.ಟಿ.ಪಿ. ಕೇಳಿ ದುಡ್ಡು ದೋಚುವವರಿಂದ ಕಾಪಾಡಿಕೊಳ್ಳುವುದು ಇವೂ ಇಂದು ವಿಸ್ತರಣಾ ಶಿಕ್ಷಣದ ವಿಷಯಗಳೇ. ಇದಕ್ಕೆ ಬೇಕಾದ ಜಾಗ ಹೊಸದಾಗಿ ಕಟ್ಟಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆನಿಸಿ, ಪುಸ್ತಕದ ಜೊತೆಗೆ ಕಂಪ್ಯೂಟರನ್ನೂ ಮಕ್ಕಳ ಓದಿನ ಕಾರ್ಯಕ್ರಮಗಳನ್ನೂ ಪಡೆದಿವೆ. ಸಾವಿರಾರು ಊರುಗಳಲ್ಲಿ ಈಗಾಗಲೇ ಬಾಗಿಲು ತೆರೆದಿರುವ ಈ ಕೊಠಡಿಗಳಿಗೆ ಹತ್ತಿರದ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರದವರು ತಿಂಗಳಿಗೊಮ್ಮೆ, ಗೊತ್ತಾದ ದಿನ, ತಪ್ಪದೆ ಬಂದು ಕೂತರೆ ಮೂರನೆಯ ಅಂಗಕ್ಕೆ ಮತ್ತೆ ಜೀವ ಬರುತ್ತದೆ.

ಆಗಬೇಕಾದ ಇನ್ನೊಂದು ಕೆಲಸಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ. ವಿಸ್ತರಣಾ ಘಟಕಗಳ ವಾರ್ಷಿಕ ವರದಿಗಳಲ್ಲಿ ಎಷ್ಟು ಶಿಬಿರ, ಎಷ್ಟು ಮಂದಿ, ಎಷ್ಟು ಕರಪತ್ರ ಎಂಬ ಅಂಕಿಗಳು ತುಂಬಿರುತ್ತವೆ. ಅವುಗಳ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇರಬೇಕು: ಆ ವರ್ಷ ಜನರು ಕೇಳಿದ ಪ್ರಶ್ನೆಗಳು ಯಾವುವು, ಯಾವುದಕ್ಕೆ ಉತ್ತರ ಕೊಡಲಾಗಲಿಲ್ಲ, ಆ ಪ್ರಶ್ನೆ ಯಾವ ವಿಭಾಗದ ಸಂಶೋಧನೆಗೆ ಹೋಯಿತು, ಉತ್ತರ ಹಿಡಿದು ಯಾರು ಯಾವಾಗ ಆ ಊರಿಗೆ ಮತ್ತೆ ಹೋದರು. ರಾಜ್ಯದ ಪ್ರತಿ ವಿಶ್ವವಿದ್ಯಾನಿಲಯ, ಪ್ರತಿ ಕೃಷಿ ವಿಜ್ಞಾನ ಕೇಂದ್ರ ಈ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಮಾಡಿ, ತಾನು ಹೋದ ಊರುಗಳ ಪಂಚಾಯಿತಿ ಕಟ್ಟೆಯಲ್ಲಿ ಇಡಲಿ.